ನಡೆದು ಕಲಿತ ನುಡಿ

ಕನ್ನಡದಲ್ಲಿ ‘ನಡೆ’ ಎಂಬ ಮಾತಿಗೆ ಎರಡು ಅರ್ಥಗಳಿವೆಯೆಂಬುದು ತಮಗೆಲ್ಲ ತಿಳಿದ ಸಂಗತಿ. ಕಾಲು ಮಾಡುವ ಕೆಲಸವೂ ನಡೆ. ಮನುಷ್ಯ ಬದುಕಿನಲ್ಲಿ ತೋರುವ ವರ್ತನೆಯೂ ನಡೆ. ಅದರ ಪಕ್ಕದಲ್ಲಿ ‘ನುಡಿ’ಯನ್ನು ನಿಲ್ಲಿಸಿ ನಮ್ಮ ಹಿರಿಯರು ‘ನಡೆನುಡಿ’ ಎಂಬ ಜೋಡುಮಾತನ್ನು ಮಾಡಿದರು. ಮೂವತ್ತೈದು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದ ನಾನು ನುಡಿಯ ವಿಷಯವಾಗಿ ಬೇಕಾದಷ್ಟು ಮಾತನಾಡಿದ್ದೇನೆ. ನಡೆಯ ವಿಷಯದಲ್ಲಿ ಮಾತ್ರ, ಎರಡೂ ಅರ್ಥಗಳಲ್ಲಿ, ನಾನು ಹಿಂದೆ ಬಿದ್ದ ವಿದ್ಯಾರ್ಥಿ. ಅರುವತ್ತೆಂಟರ ವಯಸ್ಸಿನಲ್ಲಿ, ಕಳೆದ ಮಾರ್ಗಶಿರದ ಒಂದು ದಿನ, ಹದಿಮೂರು ಜನ ಸಂಗಡಿಗರೊಡನೆ ಮಲೆನಾಡಿನ ಗದ್ದೆ, ತೋಟ, ಕಾಡು, ಗುಡ್ಡಗಳನ್ನು ದಾಟಿ ನಡೆದಾಗ ನನಗೆ ಆದ ಪಾಠವನ್ನು ಇಂದು ತಮ್ಮೆದುರು ಒಪ್ಪಿಸಬೇಕೆಂದಿದ್ದೇನೆ.

ನಾನು ಬಯಲುಸೀಮೆಯವನು. ನಮ್ಮ ಕಡೆ ವರ್ಷಕ್ಕೆ 600 ಮಿಲಿಮೀಟರು ಮಳೆ ಬಿದ್ದರೆ ಅದು ಸುಭಿಕ್ಷದ ವರ್ಷ. ಹೊಲ, ಹೊಲದಾಚೆ ಗೋಮಾಳ, ಗೋಮಾಳದಾಚೆ ಕುರುಚಲು ಗುಡ್ಡ; ಕಣ್ಣು ಹಾಯಿಸಿದಷ್ಟೂ ದೂರ ತೆರೆದ ನೆಲ. ಅಂಥ ಊರಿನ ನಾವು ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗದ ಕೋಟೆಯನ್ನು ನೋಡಬೇಕೆಂದು ಹೊರಟೆವು. ಆಗುಂಬೆ ಇರುವುದು ಇದೇ ತಾಲ್ಲೂಕಿನಲ್ಲಿ. ಅಲ್ಲಿ ವರ್ಷದ ಮಳೆ ಸರಾಸರಿ 7000 ಮಿಲಿಮೀಟರನ್ನೂ ಮೀರುತ್ತದೆ. ನಮ್ಮ ತಂಡದಲ್ಲಿ ಅಂಚೆ ಇಲಾಖೆಯಿಂದ ನಿವೃತ್ತರಾದ ಗೆಳೆಯರೊಬ್ಬರಿದ್ದರು. ಇಬ್ಬರು ಹೈಸ್ಕೂಲಿನ ಉಪಾಧ್ಯಾಯಿನಿಯರಿದ್ದರು. ಔಷಧಿ ಅಂಗಡಿಯವರೊಬ್ಬರು, ಅವರ ಮನೆಯವರು, ನಾಲ್ಕಾರು ಕಾಲೇಜು ಹುಡುಗರು, ಹತ್ತು ವರ್ಷದ ನನ್ನ ಮೊಮ್ಮಗಳು ಇದ್ದರು. ಕೋಟೆಯ ಬುಡದವರೆಗೆ ಕಾರೇ ಹೋಗುತ್ತದೆ. ಆದರೆ ಅಂಚೆಯ ಗೆಳೆಯರು, ಹಾಗೆ ಹೋಗಿ ನೋಡಿ ಬಂದರೆ ಚಿತ್ರಪಟ ನೋಡಿದಂತಾದೀತು, ಊರಿನಿಂದ ಊರಿಗೆ ನಡೆದೇ ಹೋಗೋಣ ಎಂದರು. ದಾರಿ ತೋರಲು ಅವರ ಪರಿಚಯದವರೇ ಒಬ್ಬರು ಒಪ್ಪಿಕೊಂಡಿದ್ದರು. ಕವಲೇದುರ್ಗಕ್ಕೆ ಸಮೀಪದ ಹಳ್ಳಿಯ ಅಡಕೆ ಬೆಳೆಗಾರರು. ಅರುವತ್ತಕ್ಕೆ ಹತ್ತಿರದ ವಯಸ್ಸು.

ಬೆಳಗ್ಗೆ ಅವರ ಮನೆಯ ಜಗಲಿಯಲ್ಲಿ ಬಿಸಿ ಕಡುಬು, ಚಟ್ನಿಯ ಉಪಚಾರ ನಡೆಯುತ್ತಿದ್ದಾಗ ಅವರು ನನ್ನ ಬಳಿಗೆ ಬಂದು, “ನಾನು ನಿಮ್ಮ ಶಿಷ್ಯ ಸಾರ್. ಬಿ.ಎ. ಮೊದಲನೇ ವರ್ಷ, 84ನೇ ಇಸವಿ. ಸೋದರಮಾವನ ಮನೇಲಿದ್ದು ಓದ್ತಿದ್ದೆ” ಎಂದರು. ಮೂವತ್ತೈದು ವರ್ಷದಲ್ಲಿ ಎಷ್ಟು ಮುಖಗಳು ಕಣ್ಣೆದುರು ಹಾದುಹೋಗಿವೆ! ನೆನಪಾದವನಂತೆ ನಕ್ಕೆ. ನಿಜಕ್ಕೂ ನೆನಪಾಗಿರಲಿಲ್ಲ. ಮೇಷ್ಟ್ರುಗಳು ಹೇಳುವ ಈ ಸಣ್ಣ ಸುಳ್ಳನ್ನು ಶಿಷ್ಯರು ಕ್ಷಮಿಸುವುದು ವಾಡಿಕೆ.

ಹೊರಡುವ ಮುನ್ನ ಅವರು ಒಂದೇ ಒಂದು ನಿಯಮ ಹೇಳಿದರು: ಯಾರು ಎಲ್ಲರಿಗಿಂತ ನಿಧಾನವೋ ಅವರು ಎಲ್ಲರಿಗಿಂತ ಮುಂದೆ. ನಾವು ಬಯಲಿನವರು ಇದಕ್ಕೆ ವಿರುದ್ಧವಾಗಿ ನಡೆದು ಬಂದವರು. ಗಟ್ಟಿಗರು ಮುಂದೆ ಹೋಗಿ ಮರದ ನೆರಳಿನಲ್ಲಿ ಕಾಯುತ್ತಾರೆ. ಹಿಂದಿನವರು ಏದುಸಿರು ಬಿಡುತ್ತ ಬಂದು ಸೇರುವ ಹೊತ್ತಿಗೆ ಮುಂದಿನವರ ದಣಿವು ಆರಿರುತ್ತದೆ, ಅವರು ಎದ್ದು ಹೊರಡುತ್ತಾರೆ. ಹೀಗಾಗಿ ದಣಿದವನಿಗೆ ದಣಿವಾರಿಸಿಕೊಳ್ಳುವ ಅವಕಾಶವೇ ಇಲ್ಲ. ಇಲ್ಲಿ ಲೆಕ್ಕ ತಿರುಗಿತು. ಬಲಮೊಣಕಾಲಿನ ನೋವಿನ ಕಾರಣದಿಂದ ತಂಡದ ಅತಿ ನಿಧಾನಿ ಎಂಬ ಬಿರುದಿಗೆ ನಾನೇ ಪಾತ್ರನಾದೆ. ದಾರಿ ತೋರುವವರ ಬೆನ್ನಿಗೇ ನಾನು, ನನ್ನ ಬೆನ್ನಿಗೆ ಮೊಮ್ಮಗಳು, ಅವಳ ಹಿಂದೆ ಉಳಿದವರ ಸಾಲು. ಈ ವ್ಯವಸ್ಥೆಯಿಂದಾಗಿಯೇ ಮುಂದೆ ನಡೆದುದೆಲ್ಲ ನಡೆಯಿತು.

ಮೊದಲು ಬಂದದ್ದು ಗದ್ದೆಯ ಬೈಲು. ಕೆಲವು ಗದ್ದೆಗಳಲ್ಲಿ ಕೊಯ್ಲು ಮುಗಿದಿತ್ತು. ಕೆಲವುಗಳಲ್ಲಿ ತೆನೆ ಬಾಗಿ ನಿಂತಿತ್ತು. ಇಬ್ಬನಿ ಇನ್ನೂ ಆರಿರಲಿಲ್ಲ. ಒಂದಾಳು ಮಾತ್ರ ನಡೆಯಬಹುದಾದ ಅಂಚಿನ ಮೇಲೆ ನಮ್ಮ ಸಾಲು ಸಾಗಿತು. ಕೊಯ್ಯುತ್ತಿದ್ದ ಮುದುಕಿಯೊಬ್ಬಳು ಕತ್ತಿ ಹಿಡಿದೇ ಸೊಂಟ ನೆಟ್ಟಗೆ ಮಾಡಿ, “ಗೌಡ್ರೆ, ನೆಂಟ್ರು ಪ್ಯಾಟೆಯೋರಾ? ಅಂಚಿನ ನಡೂಮಧ್ಯ ಕಾಲಿಡಕ್ಕೆ ಹೇಳಿ ಮಾರಾಯ್ರೆ, ಬದಿಗಿಟ್ರೆ ಜರೀತದೆ” ಎಂದಳು. ಜರಿದರೆ ಏನಾಗುತ್ತದೆಂದು ಮೊಮ್ಮಗಳು ಕೇಳಿದಳು. ಅಂಚು ಜರಿದರೆ ಮುಂದಿನ ಮಳೆಗಾಲದಲ್ಲಿ ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಗೆ ನುಗ್ಗುತ್ತದೆ; ಮೇಲಿನವನ ಗೊಬ್ಬರ ಕೆಳಗಿನವನ ಪಾಲಾಗುತ್ತದೆ; ಎರಡು ಮನೆಗಳ ನಡುವೆ ಮಾತು ಬಿಡುತ್ತದೆ. ದಾರಿಹೋಕರು ಕಾಲಿಡುವ ರೀತಿಯಲ್ಲಿ ಎರಡು ಮನೆಗಳ ಸ್ನೇಹ ನಿಂತಿದೆ ಎಂದರೆ ನಡೆಗೂ ನಡತೆಗೂ ಇರುವ ಸಂಬಂಧಕ್ಕೆ ಬೇರೆ ಉದಾಹರಣೆ ಬೇಕೆ?

ಬೈಲಿನ ಕೊನೆಯಲ್ಲಿ ಹಳ್ಳ. ಹಳ್ಳಕ್ಕೆ ಅಡ್ಡಲಾಗಿ ಎರಡು ಮರದ ದಿಮ್ಮಿಗಳ ಸಂಕ. ಅದನ್ನು ಒಬ್ಬೊಬ್ಬರಾಗಿ ದಾಟಿ ಅಡಕೆ ತೋಟದ ತಂಪಿಗೆ ಬಂದೆವು. ಮೇಲಿನ ಗುಡ್ಡದ ಅಬ್ಬಿಯಿಂದ ಟೊಳ್ಳು ಮಾಡಿದ ಅಡಕೆ ಮರದ ದಂಬೆಯಲ್ಲಿ ನೀರು ಹರಿದು ಬರುತ್ತಿತ್ತು. ಬೊಗಸೆಯೊಡ್ಡಿ ಎಲ್ಲರೂ ಕುಡಿದೆವು. ತೋಟದ ತುದಿಯಲ್ಲಿ ಬೇಲಿ. ಬೇಲಿಗೆ ಉಣುಗೋಲು, ಅಂದರೆ ಸರಿಸಿ ತೆರೆಯುವ ಬಿದಿರು ಗಳಗಳ ಬಾಗಿಲು. ಮಾರ್ಗದರ್ಶಿಗಳು ಗಳಗಳನ್ನು ಒಂದೊಂದಾಗಿ ಸರಿಸಿದರು. ಕೊನೆಯವರು ದಾಟಿದ ಮೇಲೆ ಅಷ್ಟೇ ಜಾಗ್ರತೆಯಿಂದ ಹಿಂದಕ್ಕೆ ಸೇರಿಸಿ ಮುಂದಕ್ಕೆ ಬಂದು, “ಇಲ್ಲಿಂದ ಹಾಡ್ಯ ಸಾರ್” ಎಂದರು.

ಹಾಡ್ಯ! ಆ ಮಾತು ಕಿವಿಗೆ ಬಿದ್ದೊಡನೆ ನನ್ನ ಕಾಲು ನಿಂತಿತು. ಅವರ ಮುಖ ತರದಿದ್ದ ನೆನಪನ್ನು ಆ ಒಂದು ಮಾತು ತಂದಿತು.

1984ರಲ್ಲಿ ನಾನು ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಎಂ.ಎ.ಯಲ್ಲಿ ಒಳ್ಳೆಯ ದರ್ಜೆ ಪಡೆದವನೆಂಬ ಹಮ್ಮು ಇನ್ನೂ ಇಳಿದಿರಲಿಲ್ಲ. ಬಿ.ಎ. ತರಗತಿಗೆ ‘ನಮ್ಮ ಊರಿನ ನಿಸರ್ಗ’ ಎಂಬ ವಿಷಯದ ಮೇಲೆ ಪ್ರಬಂಧ ಬರೆಯಲು ಕೊಟ್ಟಿದ್ದೆ. ಒಬ್ಬ ಹುಡುಗ, ತಮ್ಮ ಮನೆಯ ಹಿಂದೆ ಹಾಡ್ಯವಿದೆ, ಹಾಡ್ಯದ ಮೇಲೆ ಸೊಪ್ಪಿನಬೆಟ್ಟವಿದೆ, ಅದರಾಚೆ ಬ್ಯಾಣ, ಬ್ಯಾಣ ದಾಟಿದರೆ ಕಾನು ಎಂದು ಬರೆದಿದ್ದ. ನಾನು ಆ ನಾಲ್ಕು ಮಾತುಗಳಿಗೂ ಕೆಂಪು ಶಾಯಿಯಲ್ಲಿ ಗೀಟು ಹಾಕಿ, ನಾಲ್ಕರ ಮೇಲೂ ‘ಅರಣ್ಯ’ ಎಂದು ಬರೆದೆ. ಹಾಗೆ ತಿದ್ದಿದ ಮೇಲೆ ವಾಕ್ಯ ಹೇಗಾಯಿತೆಂದು ತಾವೇ ಊಹಿಸಬಹುದು: ಮನೆಯ ಹಿಂದೆ ಅರಣ್ಯ, ಅರಣ್ಯದ ಮೇಲೆ ಅರಣ್ಯ, ಅದರಾಚೆ ಅರಣ್ಯ! ಅದನ್ನು ನೋಡಿ ನಾನು ತಿದ್ದುಪಡಿಯನ್ನು ಸಂದೇಹಿಸಲಿಲ್ಲ, ಹುಡುಗನನ್ನು ಸಂದೇಹಿಸಿದೆ. ಪಕ್ಕದಲ್ಲಿ ‘ಗ್ರಾಮ್ಯ, ಪುನರುಕ್ತಿ’ ಎಂದು ಷರಾ ಬರೆದೆ. ಅಷ್ಟಕ್ಕೆ ನಿಲ್ಲದೆ ತರಗತಿಯಲ್ಲಿ ಗಟ್ಟಿಯಾಗಿ ಓದಿದೆ. ‘ಬ್ಯಾಣ’ ಎಂಬ ಮಾತನ್ನು ನಾನು ಉಚ್ಚರಿಸಿದ ರೀತಿಗೆ ಇಡೀ ತರಗತಿ ನಕ್ಕಿತು. ಹುಡುಗ ತಲೆ ತಗ್ಗಿಸಿ ಕುಳಿತಿದ್ದ.

ಇದರಲ್ಲಿ ಇನ್ನೊಂದು ವಿಪರ್ಯಾಸವಿದೆ. ಅದೇ ವರ್ಷ ಮೇಲಿನ ತರಗತಿಗೆ ನಾನು ಕವಿರಾಜಮಾರ್ಗವನ್ನು ಪಾಠ ಹೇಳುತ್ತಿದ್ದೆ. ಒಂಬತ್ತನೆಯ ಶತಮಾನದ ಆ ಗ್ರಂಥ ಕನ್ನಡಗಳ ವೈವಿಧ್ಯವನ್ನು ಕುರಿತು ಹೇಳುತ್ತ, ದೇಸಿ ಬೇರೆ ಬೇರೆಯಾಗಿರುವುದರಿಂದ ಸಾವಿರ ನಾಲಗೆಯ ವಾಸುಕಿಗೂ ಅದನ್ನು ಪೂರ್ತಿಯಾಗಿ ಅರಿಯಲಾಗದೆ ಬೇಸರ ಬಂದೀತು ಎಂಬ ಅರ್ಥದ ಮಾತನ್ನಾಡುತ್ತದೆ. ಅದನ್ನು ನಾನು ಕೈಯೆತ್ತಿ, ಕಂಠವೆತ್ತಿ ವಿವರಿಸಿದ್ದೆ. ವಾಸುಕಿಗೆ ಬಾರದ ಕನ್ನಡ ನನಗೆ ಬರುತ್ತದೆಂದು ಭಾವಿಸಿ ಮಧ್ಯಾಹ್ನ ಕೆಂಪು ಶಾಯಿಯ ಲೇಖನಿಯನ್ನು ಹಿಡಿದಿದ್ದೆ.

ಹಾಡ್ಯದ ಮೊದಲ ಹೆಜ್ಜೆಯಲ್ಲಿ ನನಗೆ ಇದೆಲ್ಲ ನೆನಪಾಯಿತು. ಅವರಿಗೆ ನೆನಪಿದೆಯೇ ಇಲ್ಲವೇ ತಿಳಿಯಲಿಲ್ಲ. ಅವರು ಎಂದಿನ ನೆಮ್ಮದಿಯ ದನಿಯಲ್ಲಿ ಮೊಮ್ಮಗಳಿಗೆ ವಿವರಿಸುತ್ತಿದ್ದರು. ಊರಿಗೂ ಗದ್ದೆಗೂ ಹತ್ತಿರದ ಕುರುಚಲು ಕಾಡು ಹಾಡ್ಯ. ಒಲೆಗೆ ಪುರಲೆ, ಬೇಲಿಗೆ ಮುಳ್ಳು, ಕರು ಮೇಯಲು ಜಾಗ ಎಲ್ಲ ಇಲ್ಲಿಯೇ. ಸಂಜೆ ಮಕ್ಕಳು ದನ ಹುಡುಕಿಕೊಂಡು ಬರುವುದು ಇಲ್ಲಿಯವರೆಗೆ; ಇದರಾಚೆ ಮಕ್ಕಳು ಒಂಟಿಯಾಗಿ ಹೋಗಬಾರದು. ಮೊಮ್ಮಗಳು ತನ್ನ ಪುಟ್ಟ ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದಳು.

ಗುಡ್ಡ ಏರತೊಡಗಿತು. ಮರಗಳು ಎತ್ತರವಾದವು, ಆದರೆ ಕೊಂಬೆಗಳೆಲ್ಲ ಕಡಿದು ಚಿಗುರಿ, ಮತ್ತೆ ಕಡಿದು ಮತ್ತೆ ಚಿಗುರಿ, ಒಂದೊಂದು ಮರವೂ ಮುಷ್ಟಿ ಹಿಡಿದು ನಿಂತಂತೆ ಕಾಣುತ್ತಿತ್ತು. ಇದು ಸೊಪ್ಪಿನಬೆಟ್ಟ. ತೋಟಕ್ಕೆ ಹೊಂದಿಕೊಂಡ ಈ ಬೆಟ್ಟದ ಹಸಿಸೊಪ್ಪು, ದರಗು ಮೊದಲು ಕೊಟ್ಟಿಗೆಗೆ ಹೋಗುತ್ತದೆ. ದನದ ಕಾಲಡಿಯಲ್ಲಿ ತುಳಿದು ಗೊಬ್ಬರವಾಗುತ್ತದೆ. ಗೊಬ್ಬರ ತೋಟದ ಮರದ ಬುಡ ಸೇರುತ್ತದೆ. ನೆಲದ ಒಡೆತನ ಬೆಳೆಗಾರನದಲ್ಲ. ಸೊಪ್ಪಿನ ಹಕ್ಕು ಮಾತ್ರ ಅವನದು. ಮರವನ್ನು ಬುಡದಲ್ಲಿ ಕಡಿದರೆ ಅವನದೇ ತೋಟ ಸೊರಗುತ್ತದೆ. ಆದುದರಿಂದ ಕೊಂಬೆ ಕಡಿಯುವ ಕೈಯೇ ಮರವನ್ನು ಕಾಯಬೇಕು. ಇದು ಅರಣ್ಯವೂ ಅಲ್ಲ, ತೋಟವೂ ಅಲ್ಲ. ಎರಡರ ನಡುವಿನ ಒಂದು ಒಪ್ಪಂದ. ಅದರ ಹೆಸರನ್ನು ನಾನು ಗ್ರಾಮ್ಯವೆಂದು ಹೊಡೆದುಹಾಕಿದ್ದೆ.

ನಡೆಯುತ್ತ ನನಗೆ ಮತ್ತೊಂದು ಸಂಗತಿ ಹೊಳೆಯಿತು. ನಮ್ಮ ರಾಜ್ಯದ 1964ರ ಭೂಕಂದಾಯ ಕಾಯಿದೆಯ 79ನೆಯ ಪ್ರಕರಣ ಈ ಬಗೆಯ ಹಕ್ಕುಗಳನ್ನು ಕುರಿತದ್ದು. ಹಳೆಯ ಮೈಸೂರು ಸೀಮೆಯ ಕಾನು, ಸೊಪ್ಪಿನಬೆಟ್ಟ. ಉತ್ತರ ಕನ್ನಡದ ಬೆಟ್ಟ, ಹಾಡಿ. ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾನೆ. ಕೊಡಗಿನ ಜಮ್ಮಾ, ಬಾಣೆ ಎಂದು ಅದು ಒಂದೊಂದನ್ನೂ ಜನರ ಬಾಯಿಯ ಹೆಸರಿನಿಂದಲೇ ಕರೆಯುತ್ತದೆ. ಇಂಗ್ಲಿಷಿನಲ್ಲಿ ಬರೆದ ಕಾಯಿದೆಗೆ ಕೂಡ ಈ ಮಾತುಗಳನ್ನು ಬಿಟ್ಟು ಮುಂದೆ ಹೋಗಲು ಸಾಧ್ಯವಾಗಲಿಲ್ಲ. ನಾನು ಗೀಟು ಹಾಕುವ ಹೊತ್ತಿಗೆ ಆ ಕಾಯಿದೆ ಬಂದು ಇಪ್ಪತ್ತು ವರ್ಷವಾಗಿತ್ತು. ಕನ್ನಡದ ಅಧ್ಯಾಪಕನ ನಿಘಂಟಿಗಿಂತ ಕಂದಾಯದ ಕಡತ ಹೆಚ್ಚು ಉದಾರವಾಗಿತ್ತೆಂದು ಒಪ್ಪಿಕೊಳ್ಳಬೇಕಾಗಿದೆ.

ಬೆಟ್ಟದ ನೆತ್ತಿಗೆ ಬಂದಾಗ ಬ್ಯಾಣ ನೋಡುವ ಆಸೆಯಿಂದ ನಾನು ತಲೆಯೆತ್ತಿದೆ. ಬ್ಯಾಣವೆಂದರೆ ಹುಲ್ಲುಗಾವಲೆಂದು ಅವರು ಹೇಳಿದ್ದರು. ಎದುರಿಗೆ ಹುಲ್ಲಿರಲಿಲ್ಲ. ಒಂದೇ ಎತ್ತರದ, ಒಂದೇ ಜಾತಿಯ, ಸಾಲು ಹಿಡಿದು ನಿಂತ ಅಕೇಶಿಯಾ ಮರಗಳಿದ್ದವು. ಕಾಲಡಿಯಲ್ಲಿ ಕುಡುಗೋಲಿನಾಕಾರದ ಒಣಗಿದ ಎಲೆಗಳ ದಪ್ಪ ಹಾಸು. ಅದರ ನಡುವೆ ಹುಲ್ಲಿನ ಒಂದು ಎಸಳೂ ಮೇಲೆದ್ದಿರಲಿಲ್ಲ. ಹಕ್ಕಿಗಳ ದನಿ ಹಿಂದೆಯೇ ಉಳಿಯಿತು.

ಅಕೇಶಿಯಾ ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯ ಮರ. ಬರಡು ನೆಲದಲ್ಲೂ ಬೇಗ ಬೆಳೆಯುತ್ತದೆ. ದನ ಅದರ ಎಲೆಗೆ ಬಾಯಿ ಹಾಕುವುದಿಲ್ಲ. ಎಲೆ ಬೇಗ ಕೊಳೆಯುವುದೂ ಇಲ್ಲ. ಸೌದೆಗೆ, ಕಾಗದದ ತಿರುಳಿಗೆ ಆಗುತ್ತದೆಂದು 1980ರ ದಶಕದಿಂದೀಚೆಗೆ ಮಲೆನಾಡಿನಲ್ಲಿ ಇದನ್ನು ಹೇರಳವಾಗಿ ನೆಟ್ಟರು. ಮರವಿಲ್ಲದ ನೆಲ ಪಾಳುನೆಲ ಎಂಬ ಎಣಿಕೆಯಲ್ಲಿ ಎಷ್ಟೋ ಹುಲ್ಲುಗಾವಲುಗಳಿಗೆ ಇದು ನೆಡುತೋಪಾಗಿ ಬಂತು. “ಇಲ್ಲಿ ಎದೆಮಟ್ಟ ಹುಲ್ಲಿರ್ತಿತ್ತು ಸಾರ್. ದೀಪಾವಳಿ ಕಳೆದ ಮೇಲೆ ಊರೆಲ್ಲ ಸೇರಿ ಕೊಯ್ತಿದ್ದೆವು. ದನಕ್ಕೆ ಅದೇ, ಮನೆ ಮಾಡಿಗೆ ಅದೇ. ಈಗ ದನವೂ ಕಮ್ಮಿ, ಹುಲ್ಲೂ ಇಲ್ಲ. ನಮ್ಮ ಹುಡುಗರಿಗೆ ಬ್ಯಾಣ ಅಂದ್ರೆ ಗೊತ್ತಾಗಲ್ಲ. ಪ್ಲಾಂಟೇಶನ್ ಅಂತಾರೆ” ಎಂದರು. ಹಿಂದಿನಿಂದ ಯಾರೋ ಒಬ್ಬರು, ಎಷ್ಟು ಅಚ್ಚುಕಟ್ಟಾಗಿ ಸಾಲಾಗಿ ನೆಟ್ಟಿದ್ದಾರೆ ಎಂದು ಮೆಚ್ಚಿದರು. ನನಗೆ ಮಾತ್ರ ಆ ಅಚ್ಚುಕಟ್ಟಿನಲ್ಲಿ ನನ್ನ ಕೈಬರಹ ಕಾಣಿಸಿತು. ಹಾಡ್ಯ, ಬೆಟ್ಟ, ಬ್ಯಾಣ, ಕಾನುಗಳಿದ್ದ ಒಂದು ಪುಟದಲ್ಲಿ ಅರಣ್ಯ, ಅರಣ್ಯ, ಅರಣ್ಯ ಎಂದು ಸಾಲಾಗಿ ನೆಟ್ಟವನು ನಾನೇ ಅಲ್ಲವೆ?

ನೆಡುತೋಪನ್ನು ದಾಟಿದ ಮೇಲೆ ದಾರಿ ಒಂದು ಕಣಿವೆಗೆ ಇಳಿಯಿತು. ಬಿಸಿಲು ಹಠಾತ್ತಾಗಿ ಕಡಿಮೆಯಾಯಿತು. ಯಾರೂ ಹೇಳದೆ ಎಲ್ಲರ ಮಾತೂ ನಿಂತಿತು. ಧೂಪ, ರಾಮಪತ್ರೆ, ಮುರುಗಲು, ವಾಟೆ, ಬೈನೆ ಎಂದು ಅವರು ತೋರಿಸುತ್ತ ಹೋದರು. ಬುಡದಿಂದ ನೆತ್ತಿಯವರೆಗೆ ಹಬ್ಬಿದ ಕಾಡುಮೆಣಸಿನ ಬಳ್ಳಿ, ಬೆತ್ತದ ಮುಳ್ಳುಪೊದೆ, ಕಾಲಡಿಯಲ್ಲಿ ಮೆತ್ತನೆಯ ಕಪ್ಪು ಮಣ್ಣು. ಮಳೆಗಾಲ ಮುಗಿದು ಎರಡು ತಿಂಗಳಾದರೂ ನೆಲ ತೇವವಾಗಿತ್ತು. ಒಂದೆರಡು ಇಂಬಳಗಳು ನಮ್ಮ ಕಾಲುಚೀಲಗಳ ಪರೀಕ್ಷೆಯನ್ನೂ ಮಾಡಿದವು. ಬಂಡೆಯ ಸಂದಿನಿಂದ ಬೆರಳಿನ ಗಾತ್ರದ ನೀರು ಜಿನುಗುತ್ತಿತ್ತು. “ಬೆಳಗ್ಗೆ ದಂಬೇಲಿ ಕುಡಿದ್ರಲ್ಲ ಸಾರ್, ಅದಕ್ಕೂ ಇಂಥದೇ ತಾಯಿ. ಇದು ಕಾನು. ಕಾನು ಇದ್ರೆ ಬೈಲಿಗೆ ನೀರು” ಎಂದರು.

ಕಾನು! ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ 1936ರಲ್ಲಿ ಪ್ರಕಟವಾದ ಕಾದಂಬರಿ. ಅದನ್ನು ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಪಾತ್ರಗಳನ್ನು ವಿಶ್ಲೇಷಿಸಿದ್ದೇನೆ, ಪ್ರಶ್ನಪತ್ರಿಕೆ ಬರೆದಿದ್ದೇನೆ. ಕಾನೂರು ಎಂಬ ಹೆಸರಿನೊಳಗೆ ಕಾನು ಕೂತಿದೆಯೆಂದು ಒಂದು ಸಲವೂ ನಿಂತು ನೋಡಿರಲಿಲ್ಲ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಗುತ್ತಿ ತನ್ನ ನಾಯಿಯೊಡನೆ ನಡೆಯುವ ದಾರಿಯನ್ನು ತರಗತಿಯಲ್ಲಿ ಕುರ್ಚಿಯ ಮೇಲೆ ಕುಳಿತೇ ಹಲವು ಸಲ ಮುಗಿಸಿದ್ದೆ. ಅಂದು ಆ ಹುಡುಗನ ಪುಸ್ತಕದಲ್ಲಿ ‘ಕಾನು’ ಎಂಬುದು ಸಂಸ್ಕೃತದ ‘ಕಾನನ’ದ ಅಪಭ್ರಂಶವಿರಬೇಕೆಂದು ನಿರ್ಧರಿಸಿದ್ದೆ. ತಮಿಳಿನಲ್ಲಿಯೂ ಕಾಡಿಗೆ ಕಾನ್, ಕಾನಂ ಎಂಬ ಮಾತುಗಳಿವೆ. ಇದು ದ್ರಾವಿಡದ ಮೂಲಪದವೆಂದೂ ‘ಕಾನನ’ವೇ ಇದರಿಂದ ಹುಟ್ಟಿರಬಹುದೆಂದೂ ಭಾವಿಸುವ ವಿದ್ವಾಂಸರಿದ್ದಾರೆ. ಹಾಗಿದ್ದರೆ ತಾಯಿಯನ್ನು ಮಗಳ ಅಪಭ್ರಂಶವೆಂದು ಕರೆದಂತಾಯಿತು.

ಇನ್ನೂ ನಾಚಿಕೆಯ ಸಂಗತಿಯೊಂದಿದೆ. 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಇಬ್ಬರು ಅಧಿಕಾರಿಗಳು ಸೊರಬ ಸೀಮೆಯ ಕಾನುಗಳನ್ನೇ ಕುರಿತು ಒಂದು ವರದಿ ಬರೆದರು. ಬ್ರಾಂಡಿಸ್ ಜರ್ಮನಿಯಲ್ಲಿ ಹುಟ್ಟಿ ಭಾರತದ ಅರಣ್ಯಾಡಳಿತಕ್ಕೆ ತಳಹದಿ ಹಾಕಿದವರು. ಕಾಡಿಗೆ ಅವರ ಭಾಷೆಗಳಲ್ಲಿ ಮಾತುಗಳಿಗೇನು ಕೊರತೆಯೆ? ಆದರೂ ಆ ವರದಿಯಲ್ಲಿ ‘ಕಾನು’ ಎಂಬ ಕನ್ನಡದ ಮಾತೇ ಉಳಿದಿದೆ. ಹೊರಗಿನಿಂದ ಬಂದವರು ಉಳಿಸಿಕೊಂಡ ಮಾತನ್ನು, 116 ವರ್ಷಗಳ ನಂತರ, ಕನ್ನಡದ ಉಪನ್ಯಾಸಕನಾದ ನಾನು ಕನ್ನಡದ ಹುಡುಗನ ಪುಸ್ತಕದಿಂದ ತೆಗೆದುಹಾಕಿದೆ.

ಕಾನಿನಿಂದ ಹೊರಬಿದ್ದು ಮತ್ತೊಂದು ಗದ್ದೆಬೈಲನ್ನು ದಾಟಿದಾಗ ಕವಲೇದುರ್ಗದ ಕಲ್ಲುಹಾಸಿನ ದಾರಿ ಸಿಕ್ಕಿತು. ಕೆಳದಿಯ ಅರಸರ ಕಾಲದ ದಾರಿ. ಭುವನಗಿರಿ ದುರ್ಗವೆಂದೂ ಹೆಸರಾದ ಈ ಕೋಟೆ ಕಾಡಿನೊಳಗೆ ಸುತ್ತಿನ ಮೇಲೆ ಸುತ್ತಾಗಿ ಏರುತ್ತದೆ. ಪ್ರತಿ ಸುತ್ತಿಗೂ ಮಹಾದ್ವಾರ, ದ್ವಾರದ ಮಗ್ಗುಲಲ್ಲಿ ಕಾವಲಿನವರ ಕೊಠಡಿ. ಒಳಗೆ ಕಾಶೀ ವಿಶ್ವನಾಥನ ಗುಡಿ, ಕೊಳಗಳು, ಅರಮನೆಯ ತಳಪಾಯ. ಬಿದನೂರು 1763ರಲ್ಲಿ ಹೈದರಾಲಿಯ ವಶವಾಗಿ ಈ ರಾಜ್ಯ ಮುಗಿಯಿತು. ಆದರೆ 1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನ ‘ಶಿಸ್ತು’ ಇಂದಿಗೂ ಜನರ ಬಾಯಲ್ಲಿದೆ. ನೆಲವೆಲ್ಲ ಒಂದೇ ಎಂದು ಭಾವಿಸದೆ, ಅದರ ಗುಣ, ಬೆಳೆಗಳನ್ನು ನೋಡಿ ಐದು ದರ್ಜೆಗಳನ್ನು ಮಾಡಿ ಕಂದಾಯ ಕಟ್ಟಿದ ವ್ಯವಸ್ಥೆ ಅದು. ಆಳುವವನಿಗೂ ನೆಲದ ಭೇದ ತಿಳಿದಿರಬೇಕಾಗಿತ್ತು. ಭೇದ ತಿಳಿಯಲು ಹೆಸರು ಬೇಕಾಗಿತ್ತು.

ತುದಿಯ ಬಂಡೆಯ ಮೇಲಿನ ಪುಟ್ಟ ಗುಡಿಯ ಬಳಿ ಬಾಳೆಯೆಲೆಯ ಬುತ್ತಿ ಬಿಚ್ಚಿ ಊಟ ಮಾಡಿದೆವು. ದೂರದಲ್ಲಿ ವಾರಾಹಿಯ ಹಿನ್ನೀರು ಬಿಸಿಲಿಗೆ ಮಿನುಗುತ್ತಿತ್ತು. ಉಳಿದವರು ಕೋಟೆಯ ಗೋಡೆಯ ಮೇಲೆ ಅಡ್ಡಾಡುತ್ತಿದ್ದರು. ನಾನು, ಅವರು ಇಬ್ಬರೇ ಉಳಿದೆವು. ಕೇಳದೆ ಇಳಿಯುವುದು ಹೇಡಿತನವೆನ್ನಿಸಿತು.

“ಆ ಪ್ರಬಂಧ ನಿಮಗೆ ನೆನಪಿದೆಯೇ?” ಎಂದೆ.

ಅವರು ಯಾವ ಪ್ರಬಂಧವೆಂದು ಕೇಳಲಿಲ್ಲ. “ಇದೆ ಸಾರ್” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಓದು ಬಿಟ್ಟಿದ್ದು ನಿಮ್ಮಿಂದ ಅಲ್ಲ. ಅಪ್ಪ ಹೋಗ್ಬಿಟ್ರು, ತೋಟ ನೋಡೋರು ಇರ್ಲಿಲ್ಲ. ಆದ್ರೆ ಬರೆಯೋದು ಬಿಟ್ಟಿದ್ದು ಅವತ್ತೇ. ಕಥೆ ಪಥೆ ಬರೀತಿದ್ದೆ ಆವಾಗ. ಬರೆಯೋಕೆ ಕೂತ್ರೆ ಪ್ರತಿ ಮಾತಿಗೂ ಇದು ಸರಿಯೋ ತಪ್ಪೋ ಅಂತ ಅನ್ನಿಸೋಕೆ ಶುರುವಾಯ್ತು. ಆಮೇಲೆ ಕೂರಲಿಲ್ಲ” ಎಂದರು. ದನಿಯಲ್ಲಿ ಆಕ್ಷೇಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ತಪ್ಪಾಯಿತೆಂದೆ. ಅವರು ಎಲೆ ಮಡಿಸುತ್ತ, “ನೀವು ಗೀಟು ಹಾಕಿದ್ದು ಒಂದು ಪುಟಕ್ಕೆ ಸಾರ್. ಆಮೇಲೆ ಬ್ಯಾಣಕ್ಕೇ ಗೀಟು ಬಿತ್ತು. ಪುಟ ಇನ್ನೊಂದು ಬರೀಬಹುದು” ಎಂದರು. ಹಾಗಾದರೆ ಬರೆಯಿರಿ, ಈ ಮಾತುಗಳನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ, ಅಚ್ಚು ಹಾಕಿಸುವ ಹೊಣೆ ನನ್ನದು ಎಂದೆ. ಉತ್ಸಾಹದಿಂದಲೇ ಹೇಳಿದೆ, ಪ್ರಾಯಶ್ಚಿತ್ತ ಇಷ್ಟು ಅಗ್ಗದಲ್ಲಿ ಮುಗಿಯುವುದಾದರೆ ಯಾರಿಗೆ ಬೇಡ? ಅವರು ತಲೆಯಲ್ಲಾಡಿಸಿದರು. “ನಾನು ಬರೆಯಲ್ಲ ಸಾರ್. ಬೇಕಾದ್ರೆ ನೀವು ಬನ್ನಿ, ನಡೆಯೋಣ. ನಾನು ಹೇಳ್ತೀನಿ, ನೀವು ಬರ್ಕೊಳ್ಳಿ.”

ಇಳಿಯುವಾಗಲೂ ಅದೇ ಸಾಲು: ಅವರು ಮುಂದೆ, ನಾನು ಎರಡನೆಯವನು. ಏರುವುದಕ್ಕಿಂತ ಇಳಿಯುವುದು ಮೊಣಕಾಲಿಗೆ ಕಷ್ಟ. ನಾನು ನಿಂತಾಗ ಹಿಂದಿನ ಹನ್ನೆರಡು ಜನರೂ ನಿಂತರು. ಯಾರೂ ಗೊಣಗಲಿಲ್ಲ. ಬೆಳಗ್ಗೆ ಗಡಿಬಿಡಿ ಮಾಡುತ್ತಿದ್ದ ಕಾಲೇಜು ಹುಡುಗರು ಈಗ ಅಂಚಿನ ನಡುವೆಯೇ ಕಾಲಿಡುತ್ತಿದ್ದರು. ನಿಧಾನದವನನ್ನು ಮುಂದೆ ಬಿಟ್ಟರೆ ಎಲ್ಲರೂ ಒಟ್ಟಿಗೆ ಮನೆ ಮುಟ್ಟುತ್ತಾರೆಂಬ ಈ ಸರಳ ಸೂತ್ರ ನನ್ನ ತರಗತಿಗಳಲ್ಲಿ ಇರಲಿಲ್ಲ. ಅಲ್ಲಿ ಚುರುಕಿನವರು ಮುಂದೆ, ಅವರ ಹಿಂದೆ ಉಳಿದವರು. ತನ್ನ ಊರಿನ ಮಾತನ್ನು ಹೊತ್ತು ನಿಧಾನವಾಗಿ ಬರುತ್ತಿದ್ದವನು ಎಲ್ಲಿ ನಿಂತನೆಂದು ನಾನು ಹಿಂತಿರುಗಿ ನೋಡುತ್ತಿರಲಿಲ್ಲ.

ಸಂಜೆ ಜಗಲಿಯಲ್ಲಿ ಕುಳಿತು ಮೊಮ್ಮಗಳು ತನ್ನ ಪುಸ್ತಕವನ್ನು ನನಗೆ ತೋರಿಸಿದಳು. ಅಂಚು, ಸಂಕ, ದಂಬೆ, ಉಣುಗೋಲು, ಹಾಡ್ಯ, ದರಗು, ಸೊಪ್ಪಿನಬೆಟ್ಟ, ಕಾನು ಎಂದು ಸಾಲಾಗಿ ಬರೆದಿದ್ದಳು. ಬ್ಯಾಣದ ಮುಂದೆ ‘ಈಗ ಇಲ್ಲ’ ಎಂದಿತ್ತು. “ಸರಿಯಾಗಿದೆಯಾ ತಾತ? ತಪ್ಪಿದ್ರೆ ತಿದ್ದು” ಎಂದು ಲೇಖನಿ ಕೊಟ್ಟಳು. ನಾನು ಪುಸ್ತಕವನ್ನು ಮನೆಯ ಯಜಮಾನರ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಓದಿ, ‘ದಂಬೆ’ಯ ಪಕ್ಕದಲ್ಲಿ ಒಂದು ಚಿಕ್ಕ ಚಿತ್ರ ಬರೆದುಕೊಟ್ಟರು. ಬೇರೆ ಏನನ್ನೂ ತಿದ್ದಲಿಲ್ಲ.

ಆಮೇಲೆ ನಾನು ಎರಡು ಸಲ ಅಲ್ಲಿಗೆ ಹೋಗಿ ಬಂದಿದ್ದೇನೆ. ಅವರು ಮುಂದೆ ನಡೆಯುತ್ತಾರೆ, ನಾನು ಹಿಂದೆ ನಡೆದು ಬರೆದುಕೊಳ್ಳುತ್ತೇನೆ. ನನ್ನ ಪುಸ್ತಕದಲ್ಲಿ ಈವರೆಗೆ ಅರುವತ್ತಕ್ಕೂ ಮಿಕ್ಕಿ ಮಾತುಗಳಾಗಿವೆ. ಅವುಗಳಲ್ಲಿ ಕೆಲವಕ್ಕೆ ತೋರಿಸಲು ವಸ್ತುವಿದೆ. ಕೆಲವಕ್ಕೆ ಅವರ ನೆನಪು ಮಾತ್ರವಿದೆ. ಎರಡನ್ನೂ ಬೇರೆ ಬೇರೆಯಾಗಿ ಬರೆಯುತ್ತಿದ್ದೇನೆ.

ಕನ್ನಡವನ್ನು ಕಲಿಸುತ್ತಿರುವ ಕಿರಿಯ ಮಿತ್ರರು ಯಾರಾದರೂ ಈ ಮಾತನ್ನು ಕೇಳುತ್ತಿದ್ದರೆ ಅವರಲ್ಲಿ ನನ್ನದೊಂದು ವಿನಂತಿ. ತಮಗೆ ತಿಳಿಯದ ಮಾತೊಂದು ವಿದ್ಯಾರ್ಥಿಯ ಪುಸ್ತಕದಲ್ಲಿ ಕಂಡರೆ, ಗೀಟೆಳೆಯುವ ಮೊದಲು ಅವನನ್ನು ಕರೆದು ‘ಇದು ಎಲ್ಲಿದೆ?’ ಎಂದು ಕೇಳಿ. ಸಾಧ್ಯವಾದರೆ ಒಂದು ದಿನ ಅವನ ಹಿಂದೆ ನಡೆದುಹೋಗಿ ನೋಡಿ ಬನ್ನಿ. ತಡವಾಗಿ ಹೊರಟವನ ಅನುಭವದಿಂದ ಹೇಳುತ್ತಿದ್ದೇನೆ: ಮೊಣಕಾಲು ಗಟ್ಟಿಯಿರುವಾಗಲೇ ಹೊರಡುವುದು ಒಳ್ಳೆಯದು.